ಆಲೆಮನೆಯಿಂದ ಪಾಪಮ್ಮನನ್ನು ಆಚೆ ಕರೆಸಿದ ಬಗ್ಗೆ

ನಾನು ಪುಟ್ಟಬಸವಯ್ಯ ಬಿನ್ ಲೇಟ್ ಶಿವಮಲ್ಲಪ್ಪ, ವಯಸ್ಸು 61 ವರ್ಷ, ವ್ಯವಸಾಯ, ಓದಿರುವುದು ಏಳನೇ ಕ್ಲಾಸು, ಆದರೂ ಊರಿನವರ ಅರ್ಜಿಗಳನ್ನೆಲ್ಲ ಬರೆಯುವವನು ನಾನೇ, ವಾಸ ಮಾವಿನಕೊಪ್ಪಲು ಗ್ರಾಮ, ತಿ. ನರಸೀಪುರ ತಾಲ್ಲೂಕು. ಪಾಪಮ್ಮನ ದೂರಿನ ಸಂಬಂಧ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಿಲ್ಲದ ಕೂಲಿಕಾರರಿಗೆ 14 ಮನೆ ಕಟ್ಟಲು ಪಂಚಾಯ್ತಿ ಕಡೆಯಿಂದ ನನ್ನ ಹಳೇ ಆಲೆಮನೆಯನ್ನೂ ಸುತ್ತಲಿನ 30 ಗುಂಟೆಯನ್ನೂ ಸ್ವಾಧೀನ ಮಾಡಿಕೊಳ್ಳುವ ನೋಟೀಸನ್ನು ದಿನಾಂಕ 08-07-2024ರಂದು ಬೆಳಿಗ್ಗೆ 10-30ಕ್ಕೆ ಬಾಗಿಲಿಗೆ ಅಂಟಿಸಿದರು. ಜನ ವಾಸವಿರುವ ಕಟ್ಟಡವನ್ನು ಅವರು ಮುಟ್ಟುವುದಿಲ್ಲವೆಂದು ನಾನೇ ತೀರ್ಮಾನಿಸಿದೆ. ಅದೇ ಸಂಜೆ 4 ಗಂಟೆಗೆ ನಾಲೆ ಏರಿ ಮೇಲೆ ಟಾರ್ಪಾಲಿನಡಿ ಒಬ್ಬಳೇ ಇದ್ದ ಕೂಲಿಯಾಳು ಪಾಪಮ್ಮ, 54 ವರ್ಷ, ಈಕೆಯ ಬಳಿ ಹೋಗಿ, ಬಾಮ್ಮಿ, ಬಾಡಿಗೆ ಬ್ಯಾಡ, ಹೆಂಚಿನ ಕೆಳಗೆ ಮಲಗು ಎಂದೆ. ಮನೆ ಪಟ್ಟೀಲಿ ನನ್ನೆಸ್ರು ನಾಕನೇದು ಬುದ್ದಿ, ಅದ್ಕೇನೂ ಆಗಲ್ವಾ ಎಂದು ಕೇಳಿದಳು. ನಾನಿರೋಗಂಟ ನಿನ್ನೆಸ್ರು ಅಳ್ಸೋ ಗಂಡು ಈ ತಾಲ್ಲೂಕಲ್ಲಿ ಉಟ್ಟಿಲ್ಲ ಎಂದೆ. ಒಂದು ಟ್ರಂಕು, ಮೂರು ಪಾತ್ರೆ, ಒಂದು ಕೋಳಿ ಸಮೇತ ಬಂದಳು.

ಆಕೆ ಹತ್ತು ವರ್ಷದಿಂದ ಅಲ್ಲೇ ಬಾಡಿಗೆಗಿದ್ದಾಳೆಂದು ಆಕ್ಷೇಪಣೆ ಬರೆದು ಕೊಟ್ಟೆ. ಅದು ವಜಾ ಆಯಿತು. ಆದರೆ ಅದೇ ಕಾಗದದ ಆಧಾರದ ಮೇಲೆ, ಈಕೆಗೆ ಹೆಂಚಿನ ಮನೆಯಿದೆ ಎಂದು ಪಟ್ಟಿಯಿಂದ ಹೆಸರು ತೆಗೆದರು. ದಿನಾಂಕ 03-02-2025ರಂದು ಪಂಚಾಯ್ತಿ ಬೋರ್ಡಿನಲ್ಲಿ ನಾನೇ ಓದಿದೆ. ಆಕೆಗೆ ಓದು ಬರುವುದಿಲ್ಲ. ನಾನು ಹೇಳಲಿಲ್ಲ.

ದಿನಾಂಕ 18-03-2025ರಂದು 11 ಗಂಟೆಗೆ ಜೆಸಿಬಿ ಬಂತು. ಪಾಪಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು, ಪಟ್ಟಿ ಮನೆ ಕೊಟ್ಟ ಮ್ಯಾಲೆ ಬತ್ತೀನಿ ಎಂದಳು. 25 ನಿಮಿಷ ಕರೆದರೂ ಬರಲಿಲ್ಲ. ನನ್ನ ಅಣ್ಣನ ಮಗ ನಂಜೇಶನು, ಊರ್ನೆಲ್ಲ ಆಟ ಆಡುಸ್ತೀಯಲ್ಲ ಚಿಕ್ಕಪ್ಪ, ಈ ಮುದುಕೀನ ಆಚೆ ತತ್ತೀಯಾ ನೋಡಾನ ಎಂದನು. ಎರಡೇ ನಿಮಿಷ ನೋಡ್ಲಾ ಎಂದು ಕಿಟಕಿಗೆ ಹೋಗಿ, ಪಾಪಮ್ಮಿ, ನಿನ್ನ ಅಕ್ಕುಪತ್ರ ಬಂದದೆ, ಆಪೀಸಲ್ಲಿ ಹೆಬ್ಬೆಟ್ಟು ಒತ್ತಿದ್ರೆ ಕೊಡ್ತಾರೆ, ಓಡು ಎಂದೆ. 11-27ಕ್ಕೆ ಬಾಗಿಲು ತೆಗೆದಳು. ಕೂದಲಿಗೆ ನೀರು ಸವರಿಕೊಂಡಿದ್ದಳು. ನನಗೆ ಕೈಮುಗಿದು 600 ಮೀಟರ್ ದೂರದ ಆಫೀಸಿಗೆ ಬರಿಗಾಲಲ್ಲಿ ಓಡಿದಳು. ನಂಜೇಶನು ಟ್ರಂಕು, ಪಾತ್ರೆ ಆಚೆ ಇಟ್ಟನು. 11-31ಕ್ಕೆ ಗೋಡೆ ಬಿತ್ತು. ಕೋಳಿ ಮಂಕರಿ ಬುಟ್ಟಿಯ ಕೆಳಗಿತ್ತು, ಯಾರೂ ನೋಡಲಿಲ್ಲ.

ಆಫೀಸಿನ ನಯನ ಎಂಬುವರು ಆಮೇಲೆ ಹೇಳಿದ್ದೇನೆಂದರೆ, ಪಾಪಮ್ಮ ಬಂದವಳೇ ತಾನಾಗಿಯೇ ಶಾಯಿಗೆ ಬೆರಳೊತ್ತಿ ನಿಂತಳು, ಎರಡು ಸಲ ಪಟ್ಟಿ ಓದಿಸಿದಳು.

12-05ಕ್ಕೆ ವಾಪಸ್ ಬಂದಳು. ಹೆಬ್ಬೆಟ್ಟನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದಿದ್ದಳು. ಎಲ್ಲಮ್ಮಿ ಅಕ್ಕುಪತ್ರ ಎಂದು ನಂಜೇಶನು ನಕ್ಕನು. ಜೆಸಿಬಿಯವನು ನಕ್ಕನು. ನಾನೂ ನಕ್ಕೆ. ಪಾಪಮ್ಮ ಹೆಂಚಿನ ರಾಶಿ ನೋಡಿ, ನನ್ನಿಂದ ಒಂದಡಿ ದೂರಕ್ಕೆ ಬಂದು ನಿಂತು, ಎಲ್ಲಿ ಒತ್ಲಿ ಬುದ್ದಿ ಎಂದು ಕೇಳಿದಳು. ಆಕೆ ನನ್ನ ಬಿಳಿ ಅಂಗಿಯ ಎಡ ಎದೆಗೆ ಬೆರಳು ಒತ್ತಿ, ಟ್ರಂಕು ಹೊತ್ತು ನಾಲೆ ಏರಿ ಕಡೆ ಹೋದಳು.

ಸದರಿ ಅಂಗಿಯನ್ನು ಒಗೆಸದೆ ಹಾಜರುಪಡಿಸಿರುತ್ತೇನೆ. ಓದಿ ಹೇಳಿದ್ದನ್ನು ಕೇಳಿದೆ, ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ತಿ. ನರಸೀಪುರ
ದಿನಾಂಕ: 19-03-2025
(ರುಜು) ಪುಟ್ಟಬಸವಯ್ಯ