ಉಸಿರಾಡೋ ಗೆರೆ

ನಗ್ತೀಯೇನು ವನಜಾ? ನಗು, ನಗು. ಈ ಬೆಂಚಿನ ಮ್ಯಾಲೆ ಕುಂತಾಗಿಂದ ನಿನ್ನ ಮುಖದಾಗೆ ಏನೂ ಕಂಡಿಲ್ಲ... ಏನು, ನಕ್ಕಿಲ್ವಾ? ತುಟಿ ಅಲ್ಲಾಡ್ತಲ್ಲ. ಚಳಿಗಾ? ಹೂಂ. ಎರಡು ಸಲ ತಲೆ ತೊಳೆಸಿದ್ರೆ ಇನ್ನೇನಾಗ್ತೈತೆ. ಕೂದ್ಲಾಗೆ ಪಿನ್ನು ಐತೇನೋ ಅಂತ ಒಂದ್ಸಲ, ಬಣ್ಣ ಹಚ್ಚೀಯೇನೋ ಅಂತ ಇನ್ನೊಂದ್ಸಲ. ಮೂಗುಬಟ್ಟು, ಕಿವಿಯೋಲೆ, ಬಟ್ಟೆ ಹುಕ್ಕು, ಎಲ್ಲಾ ಬಿಚ್ಚಿಸಿ ಈ ಆಸ್ಪತ್ರೆ ಅಂಗಿ ಹಾಕಿಸಿದ್ರು. ಆದ್ರೂ ತಲೆ ನೋಡೋ ಮೆಷಿನ್ ಓಡ್ಸೋ ಸತೀಶ್ ಕುಮಾರ್ ಬಂದು ಏನಂದ? “ಪರದೆ ಮೇಲಿನ ಗೆರೆ ಕೆಡ್ತಿದೆ ತಾತ. ಯಾರೋ ಉಸಿರಾಡಿದ ಹಾಗೆ ಏರುತ್ತೆ, ಇಳಿಯುತ್ತೆ. ಒಳಗೆ ಎಲ್ಲೋ ಕಬ್ಬಿಣ ಇದೆ.”

ಕಬ್ಬಿಣ ಅಂತೆ! ಮೆಷಿನ್ನಿಗೇ ಭಯ ಕಣವ್ವ. ನಿಮ್ಮಪ್ಪ ಯರ್ರಿಸ್ವಾಮಿ ಮಗಳ ಪಕ್ಕ ಬಂದು ಕುಂತಾನೆ ಅಂದ್ರೆ ಸುಮ್ನೆ ಆತಾ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು... ನಾಕು ತಾಲ್ಲೂಕು ಕುರಿ ಹೊಡ್ಕಂಡು ತಿರುಗಿದ ಮನುಷ್ಯ. ನಲ್ಲೂರಾಗೆ ಅಂಗಡಿ ಮುಂದೆ ಒಬ್ಬ ಫಿಟ್ಸ್ ಬಂದು ಬಿದ್ದಿದ್ದ. ಇಪ್ಪತ್ತು ಜನ ಹಿಡಿದ್ರೂ ಒದ್ದಾಟ ನಿಲ್ಲವಲ್ದು. ನಾನು ಕುರಿ ಬಿಟ್ಟು ಬಂದೆ, ಅಂಗೈಗೆ ಬೀಗದ ಕೈ ಇಟ್ಟೆ. ಎದ್ದು ಕುಂತು ಟೀ ಕೇಳ್ದ! ಸಕ್ಕರೆ ಕಮ್ಮಿ ಆಗೈತೆ ಅಂತ ಅಂಗಡಿಯವನಿಗೆ ಬೈದ!

ಹೇಳಿದೀನಾ ಇದನ್ನ? ರಾತ್ರಿನೇ ಹೇಳಿದ್ನಾ? ಹೇಳಿದ್ರೆ ಹೇಳ್ದೆ ಬಿಡು. ರಾತ್ರಿಯೆಲ್ಲ ನಿದ್ದೆ ಮಾಡಬಾರ್ದು, ನಿದ್ದೆಗೆಟ್ಟ ತಲೆಯಾಗೇ ಫಿಟ್ಸಿನ ಸುಳಿವು ಸಿಗೋದು ಅಂದ್ರಲ್ಲ. ನಿನ್ನ ಎಚ್ಚರ ಇಟ್ಟಿದ್ದು ಯಾರು? ತೋಳನ ಕಿವಿ ಹಿಡಿದು ರೊಪ್ಪದಾಗಿನ ಕುರಿ ಕಾಯಾಕೆ ಹಚ್ಚಿದ ಕಥೆ ಹೇಳಿ ಹೇಳಿ...

ನೀರು ಕುಡೀತೀಯಾ? ಬ್ಯಾಡ. ಆತು.

ರಕ್ಷಾ ಡಾಕ್ಟ್ರಮ್ಮ ಹೇಳಿದ್ದು ನಂಗೆ ಹಿಡಿಸ್ತು ನೋಡು. ತಲೆಯೊಳಗೆ ಏನು ಓಡಿದ್ರೂ ಅದಕ್ಕೊಂದು ಅಯಸ್ಕಾಂತದ ಸೆಳೆತ ಐತಂತೆ. ಭೂಮಿಯ ಅಯಸ್ಕಾಂತದ ಸೆಳೆತ ಕೋಟಿ ಪಾಲು ಮಾಡಿದ್ರೂ ಅದ್ರಾಗಿನ ಒಂದು ಪಾಲಿಗಿಂತ ಸಣ್ಣದು. ಸಾವಿರ ಕುರಿ ಒದರೋ ರೊಪ್ಪದಾಗೆ ಒಂದು ಇರುವೆ ಉಸಿರು ಬಿಟ್ಟಿದ್ದು ಕೇಳಿಸ್ಕಂಡಂಗೆ! ಅದನ್ನ ಆ ದೊಡ್ಡ ಹೆಲ್ಮೆಟ್ಟು ಕೇಳ್ತೈತೆ. ಫಿಟ್ಸ್ ಎಲ್ಲಿ ಹುಟ್ತೈತೆ ಅಂತ ಬೆರಳಿಟ್ಟು ತೋರಿಸ್ತೈತೆ. ತೋರಿಸಿದ್ರೆ ಆಪರೇಷನ್. ಇಲ್ಲಾಂದ್ರೆ... ಇಲ್ಲ.

ಗೊತ್ತು. ಇವತ್ತು ನಾಕು ಗಂಟೆಗೆ ಇನ್ನೊಂದ್ಸಲ ನೋಡ್ತಾರೆ, ಅದೂ ಕೆಟ್ರೆ ದೀಪಾವಳಿ ಕಳೆದ ಮ್ಯಾಲೆ ನಿನ್ನ ಪಾಳಿ. ಕೇಳಿಸ್ತು. ನಂಗೇನು ಕಿವುಡಾ? ಆದ್ರೆ ನಾನೇನು ಮಾಡ್ಲಿ? ತಾತ, ನಿಮ್ಮ ಹತ್ರ ಏನೂ ಇಲ್ವಾ ಅಂತ ಆ ಸತೀಶ ಕೇಳ್ದ. ಕೀ ಗೊಂಚಲು ಕೊಟ್ಟೆ. ಚಿಲ್ಲರೆ ಕೊಟ್ಟೆ. ಅಂಗಿನೂ ಬಿಚ್ಚಿ ಕೊಟ್ಟೆ. ಇನ್ನೇನೂ ಇಲ್ಲಪ್ಪ ಅಂತ ಹೇಳ್ದೆ...

ಯಾಕವ್ವಾ, ಕೈ ಯಾಕೆ ನೀಡ್ತೀಯಾ? ಫಿಟ್ಸ್ ಬಂತಾ? ಮಾತ್ರೆ ಬೇರೆ ಕಮ್ಮಿ ಮಾಡ್ಯಾರೆ... ವನಜಾ, ನನ್ನ ನೋಡು! ಕಣ್ಣು ನೆಟ್ಟಗೈತೆ. ಕೈ ಸೆಟೆದಿಲ್ಲ. ಮತ್ತೆ ಯಾಕೆ ಹಿಂಗೆ ಅಂಗೈ ಬಿಚ್ಕಂಡು...

ಓ.

ಉಡದಾರದಾಗೈತೆ. ಒಂದೇ ಒಂದು ಬೀಗದ ಕೈ, ನನ್ನ ಉಸಿರಿಗೆ ಅಲ್ಲಾಡ್ತೈತೇನೋ. ಉಡದಾರ ಗಂಡಸು ಸತ್ತಾಗ್ಲೇ ಹರಿಯೋದು, ಅಲ್ಲಿಗೆ ಯಾರೂ ಕೈ ಹಾಕಲ್ಲ ಅನ್ಕಂಡೆ. ಹಂಗೆ ನೋಡಬ್ಯಾಡ. ಗೋಡೆಯಷ್ಟು ದಪ್ಪ ಬಾಗಿಲು ಹಾಕಿ ನಮ್ಮಿಬ್ರನ್ನೂ ಕೂಡಿದ್ರು. ಒಳಗೆ ನಿಂಗೆ ಬಂದ್ರೆ? ಒಂಬತ್ತು ವರ್ಷದೋಳು ಇದ್ದಾಗಿಂದ, ಹದಿನೇಳು ವರ್ಷ, ಪ್ರತಿ ಸಲ ನಿನ್ನ ಕೈಯಾಗೆ ಕಬ್ಬಿಣ ಇಟ್ಟಿದ್ದು ನಾನಲ್ವಾ? ನಿಂತೈತೋ ಇಲ್ವೋ ಪ್ರತಿ ಸಲ? ಹೇಳು!

ಹೇಳವ್ವಾ...

ಒಂದ್ಸಲ ಬಿಟ್ಟು. ನ್ಯಾಮತಿ ಬಸ್ ಸ್ಟ್ಯಾಂಡಿನಾಗೆ. ಹತ್ತೊಂಬತ್ತು ವರ್ಷ ನಿಂಗೆ. ನಾನು ಸೊಂಟ ತಡಕಾಡ್ತೀನಿ, ಕೀ ಮನೆಯಾಗೇ ಮರ್ತು ಬಂದೀನಿ. ಸುಮ್ನೆ ನಿಂತೆ. ಏನೂ ಮಾಡ್ಲಿಲ್ಲ. ಎರಡು ನಿಮಿಷ. ಅಷ್ಟೇ ಹೊತ್ತು, ಯಾವತ್ತೂ ತಗಳ್ಳೋವಷ್ಟೇ. ತಾನಾಗೇ ನಿಂತೋತು. ಅವತ್ತೇ ಗೊತ್ತಾತು ನಂಗೆ. ನಿಮ್ಮವ್ವ ದುರುಗಕ್ಕನಿಗೂ ಹೇಳ್ಲಿಲ್ಲ. ಆಮೇಲೆ ಜಗಳೂರು ಡಾಕ್ಟ್ರು ದೊಡ್ಡಾಸ್ಪತ್ರೆಗೆ ಚೀಟಿ ಬರ್ದು ಕೊಟ್ರಲ್ಲ, ಬಸ್ಸಿನಾಗೆ ಕಳೀತು ಅಂದ್ನಲ್ಲ... ಕಳೆದಿರ್ಲಿಲ್ಲ. ನಾಕು ತಾಲ್ಲೂಕಿನ ಜನ ಫಿಟ್ಸ್ ನಿಲ್ಸಾಕೆ ನನ್ನ ಕರೀತಿದ್ರು ವನಜಾ. ಯರ್ರಿಸ್ವಾಮಿ ಮಗಳಿಗೇ ಡಾಕ್ಟ್ರು ಬೇಕಾತು ಅಂದ್ರೆ...

ಬೈ. ಏನಾರ ಬೈಯವ್ವಾ.

ಅಳೂದಿಲ್ಲ, ಬೈಯೂದಿಲ್ಲ. ನಿಂಗೆ ಹೊಸದು ಅನ್ನಿಸ್ಲೇ ಇಲ್ಲ ಇದು... ತಡಿ. ಅವತ್ತು ನ್ಯಾಮತಿಯಾಗೆ ನೀನು ಎದ್ದು ಕುಂತಾಗ ಅಂಗೈ ನೋಡ್ಕಂಡೆ. ಮೊದಲು ಅಂಗೈ ನೋಡ್ಕಂಡೆ, ಆಮೇಲೆ ನನ್ನ ಮುಖ.

ಏಳು ವರ್ಷದಿಂದ ಗೊತ್ತಾ?

ಗೊತ್ತಿದ್ದೂ, ನಲ್ಲೂರಿನ ಕಥೆ ನಿನ್ನೆ ರಾತ್ರಿನೂ ಹೂಂ ಹೂಂ ಅಂತ ಕೇಳ್ದೆ?

...ಸತೀಶಪ್ಪಾ! ಇಲ್ಲಿ ಬರ್ರಿ ಸ್ವಲ್ಪ. ಒಂದು ಕತ್ರಿ ತಗಂಡು ಬರ್ರಿ. ಇಲ್ಲ, ಹುಡುಗಿಗೆ ಏನೂ ಆಗಿಲ್ಲ. ಕತ್ರಿ ನನ್ನ ಉಡದಾರಕ್ಕೆ. ನಾಕು ಗಂಟೆಗೆ ಅವಳೊಬ್ಬಳನ್ನೇ ಒಳಗೆ ಕರ್ಕಂಡು ಹೋಗ್ರಿ.