ಕೈ ಉಜ್ಜುವ ಸದ್ದು

ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ಪಕ್ಕದ ಮನೆ ಅಕ್ಕನಿಗೆ ಆದದ್ದು. ನಗುವವರು ಈಗಲೇ ನಕ್ಕುಬಿಡಿ.

ಆ ರಾತ್ರಿ ಅಕ್ಕ ಹಾಳುಬಾವಿಯ ದಾರಿಯಲ್ಲಿ ಏದುಸಿರು ಬಿಡುತ್ತಾ ಬರುತ್ತಿದ್ದಳು. ಮನೆಯಲ್ಲಿ ಅಪ್ಪ ಒಬ್ಬರೇ. ಬೆನ್ನುಮೂಳೆಯ ಒಳದಾರಿ ಕಿರಿದಾಗಿ, ನರ ಅದುಮಿಹೋಗಿ, ಅವರಿಗೆ ಏಳಲೂ ಆಗದು, ಮೂತ್ರವೂ ತಾನಾಗಿ ಬಾರದು. ಹೊತ್ತಿಗೆ ಸರಿಯಾಗಿ ಅಕ್ಕನೇ ಕಿಬ್ಬೊಟ್ಟೆ ಒತ್ತಿ ಬರಿಸಬೇಕು. ತಡವಾದರೆ ಜೀವಕ್ಕೇ ಕುತ್ತು ಅಂದಿದ್ದರು ಡಾಕ್ಟರು. ಅಂದು ತಡವಾಗಿತ್ತು... ತುಂಬಾ.

ತಡವಾದದ್ದೂ ಅಂಥದೇ ಕೆಲಸದಿಂದ ನೋಡಿ. ಅಕ್ಕ ಪ್ರಯೋಗಶಾಲೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವವಳು. ಅಲ್ಲಿ ಇಲಿಗಳಿಗೆ ಇದೇ ಬೆನ್ನಿನ ಕಾಯಿಲೆ ಬರಿಸಿ ಮದ್ದು ಹುಡುಕುತ್ತಿದ್ದರು. ಆ ಮೂಕಪ್ರಾಣಿಗಳಿಗೂ ಮೂತ್ರ ಕಟ್ಟುತ್ತದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಬೇಕು. ಆ ಸಂಜೆ ಒಂದು ಇಲಿ ಏನು ಮಾಡಿದರೂ ಒಂದು ಹನಿ ಬಿಡಲಿಲ್ಲ. ಹೊಟ್ಟೆ ಗೋಲಿಯ ಹಾಗೆ ಗಟ್ಟಿ. ಬಿಟ್ಟು ಹೋದರೆ ಬೆಳಗಾಗುವುದರೊಳಗೆ ಸಾಯುತ್ತದೆ. ಅತ್ತ ಮನೆಯಲ್ಲಿ ಅಪ್ಪ...

ಅವಳಿಗೆ ಈ ಕೆಲಸ ಕಲಿಸಿದವಳು ಅಲ್ಲಿನ ಹಳೇ ಆಳು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ಬಾಯಿ ಜೋರು, ಕೈ ಮೆತ್ತಗೆ. "ಮೊದ್ಲು ಕೈ ಉಜ್ಜಿ ಬಿಸಿ ಮಾಡ್ಕೊಳೇ! ತಣ್ಣನೆ ಕೈ ಇಟ್ರೆ ನೀನಾದ್ರೂ ಬಿಡ್ತೀಯಾ?" ಅಂತ ಗದರುತ್ತಿದ್ದಳು. ಪಾಪ, ಅವಳು ಸತ್ತು ಒಂದು ತಿಂಗಳಾಗಿತ್ತು.

ಆಗ ಅಕ್ಕನಿಗೆ ನೆನಪಾಯಿತು, ಅವಸರದಲ್ಲಿ ಕೈ ಉಜ್ಜಿರಲೇ ಇಲ್ಲ. ಉಜ್ಜಿಕೊಂಡು ಒತ್ತಿದಳು. ಇಲಿ ಬಿಟ್ಟಿತು. ಅಕ್ಕನಿಗೆ ಅಳು ಬಂತು. "ದೊಡ್ಡಮ್ಮಾ, ನೀನಿದ್ದಿದ್ರೆ ನಿನ್ನನ್ನೇ ಅಪ್ಪನ ಹತ್ರ ಕಳಿಸ್ತಿದ್ದೆ ಕಣೇ" ಅಂದಳು, ಖಾಲಿ ಕೋಣೆಗೆ.

ಈಗ ಬಾವಿಯ ಹತ್ತಿರ... ಸರ್ರ... ಸರ್ರ...

ಒಣ ಅಂಗೈಗೆ ಅಂಗೈ ಉಜ್ಜುವ ಸದ್ದು. ಅಕ್ಕ ನಿಂತಳು. ಸದ್ದು ನಿಲ್ಲಲಿಲ್ಲ.

"ಯಾರದು?" ಅಂದಳು.

ಸರ್ರ... ಸರ್ರ... ಅದು ಹಿಂದಿನಿಂದ ಬರುತ್ತಿರಲಿಲ್ಲ. ಮುಂದೆ ಹೋಗುತ್ತಿತ್ತು. ಅಕ್ಕ ಅದರ ಹಿಂದೆಯೇ ನಡೆದಳು. ಅವಳ ಬೀದಿಗೆ ತಿರುಗಿತು. ಅವಳ ಮನೆಯ ಮುಂದೆ... ನಿಂತಿತು.

ಅಕ್ಕ ಒಂದು ಹೆಜ್ಜೆ ಹಿಂದಿಟ್ಟಳು. ಆದರೆ ಒಳಗಿರುವುದು ಅಪ್ಪ. ಓಡಿದಳು. ಬಾಗಿಲಿಗೆ ಅವಳೇ ಹಾಕಿದ್ದ ಬೀಗ ಹಾಕಿದ ಹಾಗೇ ಇತ್ತು. ಕಟಕ್... ಕೀಲಿ ತಿರುಗಿತು.

ಅಪ್ಪ ಹಾಯಾಗಿ ಮಲಗಿದ್ದರು. ಅರ್ಧ ಕಣ್ಣು ತೆರೆದು ಪಿಸುಗುಟ್ಟಿದರು. "ಮತ್ತೆ ಯಾಕಮ್ಮ ಬಂದೆ?"

"ಈಗ್ಲೇ ಬರ್ತಿರೋದು ಅಪ್ಪಾ."

"ಈಗ ತಾನೇ ಒತ್ತಿ ಹೋದ್ಯಲ್ಲ. ಜೀವ ಬಂದ ಹಾಗಾಯ್ತು. ಆದ್ರೆ ನಿನ್ ಕೈ..."

"ಕೈ?"

"ಅಷ್ಟು ಹೊತ್ತು ಉಜ್ಜಿದ್ರೂ ಮಂಜುಗಡ್ಡೆ ಹಾಗಿತ್ತು."

ಅಕ್ಕ ಕಿರುಚಿದ್ದಕ್ಕೆ ಗೋಡೆಯಾಚೆಯಿಂದ ಓಡಿಹೋದವಳು ನಾನು. ಮಂಚದ ಕೆಳಗಿನ ಮೂತ್ರದ ಪಾತ್ರೆ ಎತ್ತಿ ಚೆಲ್ಲಿದವಳೂ ನಾನೇ. ಅದು ತುಂಬಿತ್ತು. ಇನ್ನೂ ಬೆಚ್ಚಗಿತ್ತು.