ಹಾಲುಮತದವರ ಹೊಟ್ಟೆ

ಮಿರಜದ ಆಸ್ಪತ್ರೆಯೊಂದರ ತಪಾಸಣೆ ಕೋಣೆಯ ಹೊರಗೆ ರೋಗಿಯೊಬ್ಬರ ಜೊತೆಗೆ ಬಂದಿದ್ದ ನೀಲಗಂಗವ್ವ ಚಹಾ ಹಿಡಿದು ಕೂತಿದ್ದಳು. ಕಿವಿ ಮಾತ್ರ ಪಕ್ಕದ ಬಾಕಿನ ಕಡೆಗಿತ್ತು. ಅಲ್ಲಿ ಕವಲಾಪುರದ ಕುರುಬರ ಮುದುಕಿ ಕೃಷ್ಣವ್ವ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಬಂದ ಮೊಮ್ಮಗಳನ್ನು ಗದರುತ್ತಿದ್ದಳು.

“ಹಾಲುಮತದಾಗ ಹುಟ್ಟಿ ಹಾಲು ದಕ್ಕಂಗಿಲ್ಲ ಅಂದ್ರ ಹೆಂಗ ಯೋಗಿತಾ? ನಿನ್ನ ನೋಡಾಕ ಬರೋರಿಗೆ ಏನಂತ ಹೇಳ್ಲಿ?”

“ಇದ್ದದ್ದ ಹೇಳು. ಕುಡದ್ರ ಹೊಟ್ಟಿ ಉಬ್ಬತೈತಿ ಅಂತ.”

“ಮನಸು ಗಟ್ಟಿ ಮಾಡಿ ಕುಡಿ. ರೂಢಿ ಆಗತೈತಿ.”

“ಮನಸಿಂದೇನೈತಿ ಅಜ್ಜಿ? ಹಾಲಿನಾಗಿನ ಸಕ್ಕರಿ ಕರಗಸೋ ರಸ ಸಣ್ಣವರಿದ್ದಾಗ ಹೊಟ್ಟ್ಯಾಗ ಇರತೈತಿ. ದೊಡ್ಡವರಾದ ಮ್ಯಾಲ ಭಾಳ ಮಂದಿಗೆ ಕಡಿಮಿ ಆಗತೈತಿ. ಸಂಶೋಧನಾ ಮಾಡಿದವರು ಹೇಳ್ಯಾರ.”

“ನಮ್ಮ ಮನ್ಯಾಗ ಯಾರಿಗೂ ಹಂಗಾಗಿಲ್ಲ.”

“ನೀ ಹಾಲು ಕುಡದು ಎಷ್ಟ ವರ್ಷಾತು?”

“ನಾ ಎಲ್ಲಿ ಕುಡೀಲಿ? ಮೊದಲ ಬೀರದೇವರಿಗೆ, ಆಮ್ಯಾಲ ಕೂಸುಗಳಿಗೆ. ಉಳದದ್ದು ಹೆಪ್ಪ ಹಾಕೋದು. ನನಗ ಮಜ್ಜಿಗಿ.”

“ಮಜ್ಜಿಗಿ ನನಗೂ ಆಗತೈತಿ. ಹೆಪ್ಪ ಹಾಕಿದ್ರ ಆ ಸಕ್ಕರಿ ಕಡಿಮಿ ಆಗತೈತಿ.”

ಮುದುಕಿ ಮೊಮ್ಮಗಳ ಕಡೆ ತಿರುಗಿ ಕೂತಳು.

“ನಮ್ಮವ್ವನೂ ಮುಟ್ಟತಿರಲಿಲ್ಲ. ಹಾಲು ದೇವರದು ಅಂತಿದ್ಲು.”

“ಹೊಟ್ಟಿ ನೋಯತಿತ್ತೇನ ಆಕಿಗೆ?”

“ಯಾರ ಕೇಳ್ಯಾರ?”

ಬಾಗಿಲು ತೆರೆಯಿತು. ಹಾಲು ದಕ್ಕುತ್ತದೋ ಇಲ್ಲವೋ ಎಂದು ಉಸಿರಿನಿಂದ ತಿಳಿಯುವ ಪರೀಕ್ಷೆಗೆ ಕೊಳವೆಯಲ್ಲಿ ಊದಿಸಲು ನರ್ಸಬಾಯಿ ಯೋಗಿತಾಳ ಹೆಸರು ಕೂಗಿದಳು. ಹುಡುಗಿಗಿಂತ ಮೊದಲೇ ಕೃಷ್ಣವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಬಾಯಾರ, ನಾನೂ ಊದತೇನ್ರಿ. ಕೂಸು ಉಪಾಸ ಐತಂತ ನಾನೂ ಏನೂ ತಿಂದಿಲ್ಲ.”

ಇಬ್ಬರೂ ಒಳಗೆ ಹೋದರು. ನೀಲಗಂಗವ್ವನ ಕೈಯಲ್ಲಿ, ಕುಡಿಯಲು ಮರೆತ ಚಹಾ ಆರಿ ಕೆನೆಗಟ್ಟಿತ್ತು.